ಉಳ್ಳಾಲದ ಸೈನಿಕ ಏನು ಉಟ್ಟಿದ್ದ?

ಪ್ರಕರಣ ಇಷ್ಟು. ಮಂಗಳೂರಿನ ಪಕ್ಕ, ತೊಕ್ಕೊಟ್ಟಿನ ಹತ್ತಿರ ಒಂದು ಶಾಲೆಯ ಮೈದಾನ. ಡಿಸೆಂಬರಿನ ಒಂದು ಸಂಜೆ. 14 ಜನ, 25 ನಿಮಿಷ. ಸುಮಾರು 400 ವರ್ಷದ ಹಿಂದೆ ಉಳ್ಳಾಲದ ರಾಣಿ ಅಬ್ಬಕ್ಕ ತನ್ನ ಕಾಲಾಳುಗಳ ಜೊತೆ ಪೇಟೆಯಲ್ಲಿ ನಡೆದು ಬಂದ ದೃಶ್ಯವನ್ನು ಜನರ ಮುಂದೆ ನಿಲ್ಲಿಸಬೇಕು. ಬಟ್ಟೆ, ಗುರಾಣಿ, ಕೊಡೆ, ನೀರಿನ ಪಾತ್ರೆ ಎಲ್ಲವನ್ನೂ ಆ ಕಾಲದ ಹಾಗೆಯೇ ಮಾಡಬೇಕು. ನೋಡುವವರು ಹತ್ತಿರ ಬಂದು ಮುಟ್ಟಬಹುದು, ಎತ್ತಿ ತೂಕ ನೋಡಬಹುದು, ಇದು ಯಾವುದರದ್ದು ಅಂತ ಕೇಳಬಹುದು. ಹೊರದೇಶಗಳಲ್ಲಿ ಇದನ್ನು ರೀಎನಾಕ್ಟ್‌ಮೆಂಟ್ ಅನ್ನುತ್ತಾರೆ. ನಮ್ಮೊಳಗೆ ನಾವು ಇದಕ್ಕೆ ‘ಹಳೇ ದಿನ’ ಅಂತ ಹೆಸರಿಟ್ಟುಕೊಂಡಿದ್ದೆವು.

ನಾನು ಡ್ರಾಯಿಂಗ್ ಟೀಚರ್. ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದರು, ಅವರು ಎಲ್ಲರಿಗೂ ‘ಮಾವ’. ಒಬ್ಬ ವೆಲ್ಡರ್ ಅಣ್ಣ, ಬ್ಲೌಸ್ ಹೊಲಿಯುವ ಒಬ್ಬ ಅಕ್ಕ, ಉಳಿದವರು ಹೆಚ್ಚಾಗಿ ಕಾಲೇಜು ಮಕ್ಕಳು. ಮಾರ್ಚ್‌ನಲ್ಲಿ ಶುರು ಮಾಡಿದೆವು. ಆಮೇಲಿನ 9 ತಿಂಗಳಲ್ಲಿ ಏನು ಮಾಡಿದೆವು, ಯಾವುದನ್ನು ಬಿಟ್ಟೆವು, ಯಾಕೆ ಬಿಟ್ಟೆವು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕರಾವಳಿಯಲ್ಲಿ ಇಂಥ ಕೆಲಸಕ್ಕೆ ಇಳಿಯುವ ಇನ್ನೊಂದು ಗುಂಪಿಗೆ ಎರಡು ತಿಂಗಳ ಶ್ರಮವಾದರೂ ಉಳಿಯಲಿ ಅಂತ.

ಕಬ್ಬಿಣದ ಅಂಗಿ

ಸೈನಿಕ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬಂದದ್ದು ಕವಚ. ನನಗೂ ಅದೇ ಬಂತು. ಮಕ್ಕಳು ಮೊಬೈಲಿನಲ್ಲಿ ಯುರೋಪಿನ ಕೂಟಗಳ ವಿಡಿಯೊ ತೋರಿಸಿದರು. ಬಳೆಗೆ ಬಳೆ ಸೇರಿಸಿ ಹೆಣೆದ ಕಬ್ಬಿಣದ ಅಂಗಿ, ನಡೆದರೆ ನೀರಿನ ಹಾಗೆ ಅಲುಗಾಡುತ್ತದೆ. ಅಂಥ ಕೂಟಗಳಿಗೆ ಬೇಕಾದ ಕವಚಗಳನ್ನು ಮಾಡಿ ಕಳಿಸುವ ಕಾರ್ಖಾನೆಗಳು ನಮ್ಮ ದೇಶದ ಡೆಹ್ರಾಡೂನ್, ರೂರ್ಕಿ ಕಡೆ ಇವೆ. ಆದರೆ ನಾವೇ ಮಾಡಬೇಕು ಅನ್ನುವುದು ನಮ್ಮ ಹಠ.

ಕೆಲಸದ ಕ್ರಮ ಸುಲಭ, ತಾಳ್ಮೆ ಮಾತ್ರ ಜಾಸ್ತಿ ಬೇಕು. 16 ಗೇಜಿನ ತಂತಿಯನ್ನು 10 ಮಿಲಿಮೀಟರ್ ಸರಳಿಗೆ ಸ್ಪ್ರಿಂಗ್ ಹಾಗೆ ಒತ್ತೊತ್ತಾಗಿ ಸುತ್ತಬೇಕು. ಸರಳು ಎಳೆದು ತೆಗೆದು, ಸುರುಳಿಯನ್ನು ಉದ್ದಕ್ಕೆ ಕತ್ತರಿಸಿದರೆ ಬಳೆಗಳು ಉದುರುತ್ತವೆ. ಒಂದೊಂದು ಬಳೆಯೊಳಗೂ ಸುತ್ತಲಿನ ನಾಲ್ಕು ಬಳೆಗಳು ಹಾದುಹೋಗುವಂತೆ ಇಕ್ಕಳದಲ್ಲಿ ಹೆಣೆಯಬೇಕು. ಒಂದು ಅಂಗಿಗೆ ನಮಗೆ ಸುಮಾರು 20 ಸಾವಿರ ಬಳೆ ಬೇಕಾಯಿತು. ನಾಲ್ಕು ಜನ ದಿನಾ ರಾತ್ರಿ ಊಟ ಮುಗಿಸಿ ಕೂತರು. ಏಪ್ರಿಲ್ ಕೊನೆಗೆ ಒಂದು ಅಂಗಿ ಆಯಿತು. ತಕ್ಕಡಿಗೆ ಹಾಕಿದರೆ 11 ಕಿಲೊ.

ವೆಲ್ಡರ್ ಅಣ್ಣ ಅದನ್ನು ಎತ್ತಿ ಹಿಡಿದು ನೋಡಿದರು. “ಹೊಳಪು ಜಾಸ್ತಿ ಆಯ್ತು ಟೀಚರ್. ಗೇಟಿಗೆ ಹಾಕುವ ಜಾಲಿಯ ಹಾಗೆ ಕಾಣ್ತದೆ.” ಅವರು ಹೇಳಿದ್ದು ಸರಿ. ನಾವು ತಂದದ್ದು ಸತು ಲೇಪಿಸಿದ ಜಿಐ ತಂತಿ. ಇನ್ನೊಂದು ದೋಷ ಅದಕ್ಕಿಂತ ದೊಡ್ಡದು. ಹಿಂದಿನವರು ಬಳೆಯ ಎರಡು ತುದಿಗಳನ್ನು ಚಪ್ಪಟೆ ಬಡಿದು, ತೂತು ಕೊರೆದು, ಸಣ್ಣ ರಿವೆಟ್ ಹಾಕಿ ಬಿಗಿಯುತ್ತಿದ್ದರು. ನಮ್ಮ ದೇಶದ ಹಳೆಯ ಸರಪಳಿ ಕವಚಗಳಲ್ಲಿ ಒಂದು ಸಾಲು ರಿವೆಟ್ ಬಳೆ, ಮುಂದಿನ ಸಾಲು ಬೆಸುಗೆಯೇ ಕಾಣದ ಗಟ್ಟಿ ಬಳೆ, ಹೀಗೆ ಬಂದಿರುವುದೂ ಉಂಟು. ನಾವು ತುದಿಗೆ ತುದಿ ತಾಗಿಸಿ ಬಿಟ್ಟಿದ್ದೆವು. ಕೈ ಎತ್ತಿದಾಗ ಕಂಕುಳಿನ ಹತ್ತಿರ ಬಳೆಗಳು ಬಾಯಿ ಬಿಟ್ಟವು. ಕತ್ತರಿಸಿದ ತುದಿಯಲ್ಲಿ ಸತು ಇಲ್ಲದ್ದರಿಂದ ಉಪ್ಪುಗಾಳಿಗೆ ಅಲ್ಲೇ ಮೊದಲು ತುಕ್ಕು ಹಿಡಿಯಿತು.

ಇದೆಲ್ಲ ಸರಿ ಮಾಡಿಕೊಳ್ಳಬಹುದಿತ್ತು. ಮೇ ತಿಂಗಳ ಎರಡನೇ ಭಾನುವಾರ ಆದದ್ದೇ ಬೇರೆ.

ಬಳೆ ಕವಚವನ್ನು ಬರಿ ಮೈಗೆ ಹಾಕುವುದಿಲ್ಲ. ಅಲಗು ಸೀಳದ ಹಾಗೆ ಬಳೆ ತಡೆಯುತ್ತದೆ, ಆದರೆ ಪೆಟ್ಟಿನ ಭಾರ ನೇರ ಎಲುಬಿಗೇ ಇಳಿಯುತ್ತದೆ. ಅದಕ್ಕೆ ಒಳಗೆ ದಪ್ಪನೆಯ ಹೊಲಿದ ಅಂಗಿ ಬೇಕು. ಅಕ್ಕ ಹಳೇ ಹತ್ತಿ ಬೆಡ್‌ಶೀಟುಗಳನ್ನು ಪದರ ಪದರವಾಗಿ ಇಟ್ಟು ಹೊಲಿದುಕೊಟ್ಟಿದ್ದರು. ಸಂಜೆ 4 ಗಂಟೆಗೆ ಒಬ್ಬ ಹುಡುಗ ಎರಡನ್ನೂ ಹಾಕಿ ಮೈದಾನಕ್ಕೆ ಇಳಿದ. ಇಪ್ಪತ್ತು ನಿಮಿಷದಲ್ಲಿ ಅವನ ಮಾತು ತೊದಲಿತು, ಮುಖ ಬಿಳಚಿತು, ಕೂತಲ್ಲೇ ವಾಲಿದ. ಅಂಗಿ ಕಳಚಿ, ನೆರಳಿಗೆ ಎಳೆದು, ಒದ್ದೆ ಬಟ್ಟೆ ಸುತ್ತಿ, ಹತ್ತಿರದ ಡಾಕ್ಟರ ಹತ್ತಿರ ಒಯ್ದೆವು. ರಾತ್ರಿ ಹೊತ್ತಿಗೆ ಸುಧಾರಿಸಿಕೊಂಡ.

ಕಾರಣ ಏನು ಅಂತ ಡಾಕ್ಟರು ಬಿಡಿಸಿ ಹೇಳಿದರು. ಮೈ ತಂಪಾಗುವುದು ಬೆವರು ಸುರಿಯುವುದರಿಂದ ಅಲ್ಲ, ಆ ಬೆವರು ಆರುವುದರಿಂದ. ನಮ್ಮ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುತ್ತದೆ. ಬೆವರು ಸುರಿಯುತ್ತದೆ, ಆರುವುದಿಲ್ಲ. ಅದರ ಮೇಲೆ ಪದರದ ಅಂಗಿ, ಅದರ ಮೇಲೆ 11 ಕಿಲೊ ಕಬ್ಬಿಣ. ಹುಡುಗನ ಅಮ್ಮ ಬಂದು ನನ್ನನ್ನು ಒಂದೇ ಮಾತು ಕೇಳಿದರು. “ನಿಮಗೆ ಇಲ್ಲಿನ ಸೆಕೆ ಗೊತ್ತಿಲ್ವಾ ಟೀಚರೇ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆ ಇದೆ, ಇರಬೇಕು ಕೂಡ.

ಯಾವ ವರ್ಷ? ಕಂಡವರು ಯಾರು?

ಮುಂದಿನ ವಾರ ಮಾವ ಎಲ್ಲರನ್ನೂ ಕೂರಿಸಿ ಕೇಳಿದರು. “ಈ ಕವಚ ಹಾಕಿದವ ಯಾವ ಊರಿನವ? ಯಾವ ವರ್ಷ? ಅವನನ್ನು ಕಣ್ಣಾರೆ ಕಂಡವರು ಯಾರು?”

ನಮ್ಮ ಹತ್ತಿರ ಒಂದು ಉತ್ತರ ಇತ್ತು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ವಿಜಯನಗರದಲ್ಲಿ ಕೃಷ್ಣದೇವರಾಯನ ಸೈನ್ಯ ನೋಡಿ ಬರೆದಿದ್ದಾನೆ. ಕುದುರೆ ಸವಾರರ ಅಂಗಿಗಳು ಗಟ್ಟಿ ಹಸಿ ಚರ್ಮದ ಪದರಗಳಿಂದ ಮಾಡಿದವು, ಬಲಕ್ಕೆ ಒಳಗೆ ಕಬ್ಬಿಣದ ತಗಡು, ಮೇಲೆ ರೇಷ್ಮೆ, ಮಖಮಲ್ಲು. ಕುತ್ತಿಗೆ ಮುಚ್ಚುವ ಶಿರಸ್ತ್ರಾಣ, ಮುಖಕ್ಕೂ ಒಂದು ತುಂಡು. ನಾವು ಇದನ್ನು ಓದಿಯೇ ಧೈರ್ಯ ಮಾಡಿದ್ದು.

ಮಾವ ಬಿಡಲಿಲ್ಲ. ಅದು ಘಟ್ಟದ ಮೇಲಿನ ರಾಜಧಾನಿ. ಅದು ಸಾಮ್ರಾಜ್ಯದ ಕುದುರೆ ಪಡೆ. ದೊಡ್ಡ ಉತ್ಸವದ ದಿನ ಸಿಂಗರಿಸಿಕೊಂಡು ನಿಂತ ಸೈನ್ಯ. ಉಳ್ಳಾಲದ ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ನಡೆಯುವ ಕಾಲಾಳಿಗೆ ಅದನ್ನು ತೊಡಿಸಲಿಕ್ಕೆ ನಮಗೆ ಯಾವ ಆಧಾರ ಇದೆ? ಅದೂ ಅಲ್ಲದೆ ಪಾಯಸ್ ಹೇಳಿದ್ದು ಚರ್ಮದ ಪದರ, ನಾವು ಮಾಡಿದ್ದು ತಂತಿಯ ಬಳೆ. ನಮಗೆ ಇಷ್ಟವಾದದ್ದನ್ನು ಮೊದಲು ಮಾಡಿ, ಆಮೇಲೆ ಸಾಕ್ಷಿ ಹುಡುಕಿದ್ದೆವು.

ಮಾವ ಚೀಲದಿಂದ ಒಂದು ದಪ್ಪ ಜೆರಾಕ್ಸ್ ಕಟ್ಟು ತೆಗೆದರು. ಪಿಯೆತ್ರೊ ದೆಲ್ಲಾ ವಾಲೆ ಅನ್ನುವ ರೋಮಿನ ಪ್ರವಾಸಿಯ ಪತ್ರಗಳು. ಆತ 1623ರ ಕೊನೆಯಲ್ಲಿ ಹೊನ್ನಾವರ, ಇಕ್ಕೇರಿ ನೋಡಿಕೊಂಡು ಮಂಗಳೂರಿಗೆ ಬಂದ. ಅವನ ಹೆಂಡತಿ ಮಾನಿ ಎರಡು ವರ್ಷದ ಹಿಂದೆ ಪರ್ಷಿಯಾದಲ್ಲಿ ತೀರಿಕೊಂಡಿದ್ದಳು. ಅವಳ ದೇಹವನ್ನು ಊರಿಗೆ ಒಯ್ಯುವ ದೀರ್ಘ ಪ್ರಯಾಣ ಅದು. ಅಂಥ ದುಃಖದ ನಡುವೆಯೂ ಕಂಡದ್ದನ್ನೆಲ್ಲ ಅಷ್ಟು ವಿವರವಾಗಿ ಬರೆದಿಟ್ಟದ್ದು ನನಗೆ ಈಗಲೂ ಆಶ್ಚರ್ಯ. ಡಿಸೆಂಬರಿನಲ್ಲಿ ಅವನು ಉಳ್ಳಾಲದ ರಾಣಿಯನ್ನು ಕಂಡ. ಅರಮನೆಯಲ್ಲಲ್ಲ. ‘ಮಾನೆಲ್’ ಎಂದು ಅವನು ಬರೆಯುವ ಊರಿನ ಪೇಟೆಯಲ್ಲಿ, ನಡೆದುಕೊಂಡು ಬರುವಾಗ. ಹೆಸರನ್ನು ‘ಅಬಗ್ ದೇವಿ ಚೌಟ್ರು’ ಅಂತ ಬರೆದಿದ್ದಾನೆ. ಅಬ್ಬಕ್ಕ ದೇವಿ, ಉಳ್ಳಾಲ ಆಳಿದ ಚೌಟರ ಮನೆಯವಳು. ನಮ್ಮ ಹೆಸರನ್ನು ಪರದೇಶದವನೊಬ್ಬ ಕಿವಿಯಲ್ಲಿ ಹಿಡಿದು ಬರೆದ ರೀತಿ ಓದಿ ಎಲ್ಲರೂ ಒಂದು ನಿಮಿಷ ಸುಮ್ಮನಾದೆವು.

ಅವನು ಬರೆದದ್ದರ ಸಾರ ಹೀಗಿದೆ. ರಾಣಿಯ ಮುಂದೆ ಕೆಲವು ಕಾಲಾಳುಗಳು, ಹಿಂದೆಯೂ ಅಷ್ಟೇ. ಬರಿಮೈ. ಸೊಂಟದ ಕೆಳಗೆ ಒಂದು ಬಟ್ಟೆ, ಹೆಗಲ ಮೇಲೆ ಅಡ್ಡ ಇನ್ನೊಂದು ಬಟ್ಟೆ. ಕೈಯಲ್ಲಿ ಹೆಚ್ಚೆಂದರೆ ಕತ್ತಿ ಮತ್ತು ಗುರಾಣಿ. ರಾಣಿಯ ತಲೆಯ ಮೇಲೆ ಒಬ್ಬ ಹಿಡಿದದ್ದು ತೀರಾ ಸಾಮಾನ್ಯವಾದ ತಾಳೆಗರಿಯ ಕೊಡೆ. ರಾಣಿ ಬರಿಗಾಲು. ಸೊಂಟಕ್ಕೆ ದಪ್ಪ ಬಿಳಿ ಹತ್ತಿಬಟ್ಟೆ. ತಲೆಗೆ ಸುತ್ತಿದ ಬಟ್ಟೆಯ ತುದಿ ಎದೆ, ಹೆಗಲ ಮೇಲೆ ಸ್ವಲ್ಪ ಇಳಿದಿದೆ. ಅವಳು ಹೊರಟದ್ದು ಹೊಲಗಳಿಗೆ ನೀರು ಹಾಯಿಸುವ ತೋಡಿನ ಕೆಲಸ ನೋಡಲು. ಮೊದಲ ನೋಟಕ್ಕೆ ಕೆಲಸದ ಹೆಂಗಸಿನ ಹಾಗೆ ಕಂಡಳು, ಮಾತಾಡಿದಾಗ ರಾಣಿ ಅಂತ ಗೊತ್ತಾಯಿತು, ಅನ್ನುವುದು ಅವನ ಭಾವ.

ಕವಚ ಇಲ್ಲ. ಶಿರಸ್ತ್ರಾಣ ಇಲ್ಲ. ನಮ್ಮ ನಾಡಿನ ವೀರಗಲ್ಲುಗಳನ್ನು ನೋಡಿದರೂ ಇದೇ ಕಾಣುತ್ತದೆ. ಕೆಳಗಿನ ಸಾಲಿನಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ದೇವರ ಮುಂದೆ ಕೂತಿರುವುದು. ಕೆಳಗೆ ಹೋರಾಡುವವನು ಹೆಚ್ಚಿನ ಕಲ್ಲುಗಳಲ್ಲಿ ಬರಿಮೈಯವನೇ. ಕಚ್ಚೆ, ಕತ್ತಿ, ಗುರಾಣಿ, ಇಲ್ಲವೇ ಬಿಲ್ಲು. ಶಿಲ್ಪಿ ಸರಳ ಮಾಡಿ ಕೆತ್ತಿದ್ದಾನೆ ಅಂತ ನಾನು ಮೊದಲು ತಿಳಿದಿದ್ದೆ. ಮೇ ತಿಂಗಳ ಆ ಭಾನುವಾರದ ನಂತರ ಹಾಗೆ ಅನ್ನಿಸಲಿಲ್ಲ. ಈ ಸೆಕೆಯಲ್ಲಿ, ಹೊಳೆ ದಾಟಿ, ದೋಣಿ ಹತ್ತಿ, ಕೆಸರು ಗದ್ದೆಯಲ್ಲಿ ಓಡಬೇಕಾದವನಿಗೆ ಮೈ ಹಗುರ ಇರುವುದೇ ರಕ್ಷಣೆ.

ಆ ದಿನವೇ ನಿಯಮ ಮಾಡಿಕೊಂಡೆವು. 1623ರ ಡಿಸೆಂಬರ್. ದೆಲ್ಲಾ ವಾಲೆ ಕಂಡದ್ದು ಇರಬೇಕು, ಕಾಣದ್ದು ಇರಬಾರದು. ಅವನು ಹೇಳದೆ ಬಿಟ್ಟದ್ದನ್ನು ನಾವು ತುಂಬಿಸಿದರೆ, ಅದು ನಮ್ಮ ಊಹೆ ಅಂತ ಬೋರ್ಡಿನಲ್ಲಿ ಬರೆಯಬೇಕು. ಮಕ್ಕಳ ಮುಖ ಸಪ್ಪೆ ಆಯಿತು. “ಎರಡು ತುಂಡು ಬಟ್ಟೆ ಮತ್ತು ಒಂದು ಗುರಾಣಿ. ಇಷ್ಟೇನಾ ಟೀಚರ್?” ಅಂದಳು ಒಬ್ಬಳು. ಇಷ್ಟೇ ಅಂತ ನನಗೂ ಅನ್ನಿಸಿತ್ತು. ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ.

ಎರಡು ತುಂಡು ಬಟ್ಟೆ

ಅಂಗಡಿಯ ಬಿಳಿ ಬಟ್ಟೆ ತಂದು ಉಡಿಸಿದೆವು. ಕಣ್ಣಿಗೆ ಚುಚ್ಚುವ ಬಿಳಿ. ಈಗಿನ ಮಿಲ್ ಬಟ್ಟೆಗೆ ನೀಲಿ ಛಾಯೆಯಲ್ಲಿ ಹೊಳೆಯುವ ರಾಸಾಯನಿಕ ಸೇರಿಸಿರುತ್ತಾರೆ. ನೂಲೂ ಒಂದೇ ಸಮ. ಕೈನೂಲಿನ ಬಟ್ಟೆಯಲ್ಲಿ ಅಲ್ಲಲ್ಲಿ ದಪ್ಪ ಗಂಟು, ಅಲ್ಲಲ್ಲಿ ತೆಳು ಇರುತ್ತದೆ. ಹತ್ತು ಅಡಿ ದೂರದಿಂದಲೂ ಆ ವ್ಯತ್ಯಾಸ ಗೊತ್ತಾಗುತ್ತದೆ.

ಕಿನ್ನಿಗೋಳಿ ಕಡೆ ಉಡುಪಿ ಸೀರೆ ನೇಯುವ ಕೈಮಗ್ಗಗಳು ಇನ್ನೂ ಇವೆ. ಅಲ್ಲಿಗೆ ಹೋದೆವು. ಸೀರೆಗೆ ಸಣ್ಣ ನೂಲು, ನಮಗೆ ಬೇಕಾದದ್ದು ದಪ್ಪ. ನೇಯುವ ಹಿರಿಯರು ಹೇಳಿದರು, “ದಪ್ಪ ನೂಲು ಬೇಗ ಏರ್ತದೆ. ಆದರೆ ಹಾಸು (ಮಗ್ಗದ ಉದ್ದ ನೂಲು) ಹೂಡಿದ ಮೇಲೆ ನಾಲ್ಕು ಮೀಟರಿಗೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ, ಪೂರ್ತಿ ತಗೊಳ್ಬೇಕು.” 14 ಜನರಿಗೆ ಎರಡೆರಡು ತುಂಡು, ಪೂರ್ತಿ ಹಾಸನ್ನೇ ತೆಗೆದುಕೊಂಡೆವು. ಬ್ಲೀಚ್ ಮಾಡದ, ಕೆನೆಬಣ್ಣದ ಬಟ್ಟೆ. ಅಂಟುವಾಳದಲ್ಲಿ ಹತ್ತು ಸಲ ಒಗೆದು, ಕಲ್ಲಿಗೆ ಬಡಿದು, ಒಂದು ತಿಂಗಳು ಮಕ್ಕಳು ಮನೆಯಲ್ಲಿ ಉಟ್ಟುಕೊಂಡು ಓಡಾಡಿದ ಮೇಲೆ ಅದು ಬಟ್ಟೆಯ ಹಾಗೆ ಕಂಡಿತು. ಅಲ್ಲಿಯವರೆಗೆ ವೇಷದ ಹಾಗೆ ಕಾಣುತ್ತಿತ್ತು.

ಹೊಲಿಗೆ ಇಲ್ಲದ ಬಟ್ಟೆಯಲ್ಲಿ ತನಗೇನು ಕೆಲಸ ಅಂತ ಅಕ್ಕ ಮೊದಲು ಬೇಜಾರು ಮಾಡಿಕೊಂಡಿದ್ದರು. ಕೊನೆಗೆ ಅತಿ ಕಷ್ಟದ ಕೆಲಸ ಅವರದ್ದೇ ಆಯಿತು. ಪಿನ್ನು, ಬೆಲ್ಟು, ಒಳಗೆ ಚಡ್ಡಿಯ ಅಂಚು ಏನೂ ಕಾಣಬಾರದು. ಓಡಿದರೂ ಬಗ್ಗಿದರೂ ಕಚ್ಚೆ ಬಿಚ್ಚಬಾರದು. ಅಕ್ಕನ ಮಾವ (ನಮ್ಮ ಗುಂಪಿನ ‘ಮಾವ’ ಅಲ್ಲ) ಜೀವನವಿಡೀ ಗದ್ದೆಯಲ್ಲಿ ಕಚ್ಚೆ ಕಟ್ಟಿದವರು. ಅವರನ್ನೇ ಕರೆತಂದು ಅಂಗಳದಲ್ಲಿ ಕೂರಿಸಿ ಒಂದೊಂದೇ ಮಡಿಕೆ ಕಲಿಸಿದರು. ಸೊಂಟದಲ್ಲಿ ತುದಿಯನ್ನು ಒಳಮುಖ ತಿರುಚಿ ಸಿಕ್ಕಿಸುವ ಒಂದು ಕ್ರಮ ಇದೆ. ಬೆವರು ಬಂದಷ್ಟೂ ಅದು ಬಿಗಿಯುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ.

ಗುರಾಣಿ

ಇಲ್ಲಿ ನಿಧಾನವಾಗಿ ಬರೆಯುತ್ತೇನೆ, ಯಾಕೆಂದರೆ ಹೆಚ್ಚು ಕಲಿತದ್ದು ಇಲ್ಲೇ.

ದೆಲ್ಲಾ ವಾಲೆ ಗುರಾಣಿ ಅಂದಿದ್ದಾನೆ, ಯಾವುದರದ್ದು ಅಂತ ಹೇಳಿಲ್ಲ. ಭಾರತದ ಹಳೆಯ ಗುರಾಣಿಗಳಲ್ಲಿ ಹಸಿ ಚರ್ಮದ ದುಂಡು ಗುರಾಣಿ ತುಂಬ ಸಾಮಾನ್ಯ. ಹದ ಮಾಡಿದ ಚರ್ಮ ಬೇರೆ, ಹಸಿ ಚರ್ಮ ಬೇರೆ. ಚಪ್ಪಲಿಗೆ ಹದ ಮಾಡಿದ್ದು ಬೇಕು, ಅದು ಮೆತ್ತಗಿರುತ್ತದೆ. ಹಸಿ ಚರ್ಮವನ್ನು ಕೂದಲು ತೆಗೆದು, ಎಳೆದು ಒಣಗಿಸಿದರೆ ಹಲಗೆಯ ಹಾಗೆ ಗಟ್ಟಿಯಾಗುತ್ತದೆ. ಒದ್ದೆಯಾದರೆ ಮತ್ತೆ ಮೆತ್ತಗಾಗುತ್ತದೆ.

ಈ ಹಸಿ ಚರ್ಮದ ಗುಣ ನಮ್ಮೂರಲ್ಲಿ ಚೆನ್ನಾಗಿ ಬಲ್ಲವರು ಚೆಂಡೆ, ಮದ್ದಳೆಗೆ ಮುಚ್ಚಿಗೆ ಕಟ್ಟುವವರು. ಅಂಥ ಒಬ್ಬ ಅಣ್ಣನ ಹತ್ತಿರ ಜೂನ್ ಮೊದಲ ವಾರ ಹೋದೆವು. ಅವರು ನಮ್ಮನ್ನು ಒಮ್ಮೆ, ಹೊರಗಿನ ಮಳೆಯನ್ನು ಒಮ್ಮೆ ನೋಡಿದರು. “ಪತ್ತನಾಜೆ ಕಳೀತಲ್ಲ ಮಾರಾಯ್ರೆ. ಈಗ ಚರ್ಮ ಮುಟ್ಟುದಾ? ದೀಪಾವಳಿ ಆಗಲಿ, ಬನ್ನಿ.” ಪತ್ತನಾಜೆ ಅಂದರೆ ತುಳು ತಿಂಗಳು ಬೇಶದ ಹತ್ತನೇ ದಿನ, ಮೇ ಕೊನೆಗೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುದು, ದೈವಗಳ ಕೋಲ, ನೇಮಗಳು ನಿಲ್ಲುವುದು ಅಂದೇ. ಅದು ಬರೇ ಆಚರಣೆ ಅಂತ ನಾನು ತಿಳಿದಿದ್ದೆ. ಚರ್ಮದ ವಿಷಯದಲ್ಲಿ ಅದು ಹವಾಮಾನದ ಲೆಕ್ಕವೂ ಹೌದು.

ನಾವು ಕೇಳಲಿಲ್ಲ. ಕಾಯಲು ಸಮಯ ಇಲ್ಲ ಅಂತ ಒಂದು ಚರ್ಮ ತರಿಸಿ ನಾವೇ ಮಾಡಿದೆವು. ಆರು ದಿನ ಕಳೆದರೂ ಒಣಗಲಿಲ್ಲ. ಫ್ಯಾನ್ ಹಾಕಿದೆವು, ಬಲ್ಬ್ ಹಚ್ಚಿದೆವು. ಎಂಟನೇ ದಿನ ಹಸಿರು ಬೂಷ್ಟು. ಹತ್ತನೇ ದಿನ ವಾಸನೆಗೆ ಅಕ್ಕಪಕ್ಕದವರು ಬಂದರು. ಹೂತುಹಾಕಿದೆವು. ಒಂದು ಪ್ರಾಣಿಯ ಚರ್ಮ ನಮ್ಮ ಅವಸರಕ್ಕೆ ಹಾಳಾಯಿತು ಅನ್ನುವುದು ನನಗೆ ತುಂಬ ನೋವು ಕೊಟ್ಟಿತು.

ದೀಪಾವಳಿ ಕಳೆದು ಮತ್ತೆ ಅಣ್ಣನ ಹತ್ತಿರ ಹೋದೆವು. ಈ ಸಲ ಅವರೇ ಕೈಹಿಡಿದು ಮಾಡಿಸಿದರು. ಅಚ್ಚಿಗೆ ಏನು ಇಡುವುದು ಅಂತ ಯೋಚಿಸುವಾಗ ವೆಲ್ಡರ್ ಅಣ್ಣ ಗಾರೆ ಕೆಲಸದ ಕಬ್ಬಿಣದ ಬಾಣಲೆ ತಂದರು. ಬೋರಲು ಹಾಕಿದರೆ ಸರಿಯಾಗಿ ಗುರಾಣಿಯ ಉಬ್ಬು. ತುಕ್ಕಿನ ಕಲೆ ಹಿಡಿಯದ ಹಾಗೆ ಮೇಲೆ ಬಾಳೆಲೆ ಹಾಸಿದೆವು. ನೆನೆದ ಎಮ್ಮೆ ಚರ್ಮವನ್ನು ಅದರ ಮೇಲೆ ಎಳೆದು, ಅಂಚಿಗೆ ತೂತು ಮಾಡಿ, ಅಡಿಯಲ್ಲಿ ಹಗ್ಗ ಹೆಣೆದು ಬಿಗಿದೆವು. ನೇರ ಬಿಸಿಲಿಗೆ ಇಡಬಾರದು. ಇಟ್ಟರೆ ಅಂಚು ಬೇಗ ಒಣಗಿ ಸುರುಳಿಯಾಗಿ ಸೀಳುತ್ತದೆ, ನಡು ಹಸಿಯಾಗಿಯೇ ಉಳಿಯುತ್ತದೆ. ನೆರಳು, ಗಾಳಿ, ದಿನಕ್ಕೆ ಎರಡು ಸಲ ಹಗ್ಗ ಬಿಗಿಯುವುದು. ನವೆಂಬರಿನ ಒಣಗಾಳಿಗೆ ಐದೇ ದಿನದಲ್ಲಿ ಬೆರಳಿನಿಂದ ತಟ್ಟಿದರೆ ಟಣ್ ಅಂದಿತು. ಚೆಂಡೆಯ ಅಣ್ಣ ಆ ಶಬ್ದ ಕೇಳಿಯೇ ಬಿಚ್ಚಿ ಅಂದದ್ದು.

ಹಿಡಿಕೆಯ ರಚನೆ ನನಗೆ ತುಂಬ ಇಷ್ಟವಾದ ಸಂಗತಿ. ಹಳೆಯ ಗುರಾಣಿಗಳ ಮುಖದಲ್ಲಿ ನಾಲ್ಕು ಗುಬಟೆಗಳು, ಅಂದರೆ ಉಬ್ಬಿದ ಲೋಹದ ಗುಬ್ಬಿಗಳು, ಕಾಣುತ್ತವೆ. ಸುಮ್ನೆ ಅಲಂಕಾರ ಅಂತ ಕಾಣುತ್ತದೆ, ಅಲ್ವಾ? ಹಿಂದೆ ತಿರುಗಿಸಿದರೆ ಆ ನಾಲ್ಕೂ ಗುಬಟೆಗಳ ಮೊಳೆಯ ತುದಿಗೆ ಉಂಗುರ ಇದೆ. ಉಂಗುರಗಳಿಗೆ ಎರಡು ಪಟ್ಟಿ. ಎರಡನ್ನೂ ಸೇರಿಸಿ ಮುಷ್ಟಿಯಲ್ಲಿ ಹಿಡಿಯಬೇಕು. ಗೆಣ್ಣಿಗೆ ಪೆಟ್ಟಾಗದ ಹಾಗೆ ನಡುವೆ ಒಂದು ಸಣ್ಣ ದಿಂಬು. ಗುಬಟೆಗಳನ್ನು ಲೋಹದ ಕೆಲಸದ ಒಬ್ಬರು ಆಚಾರ್ರು ಹಿತ್ತಾಳೆ ತಗಡಿನಲ್ಲಿ ಬಡಿದುಕೊಟ್ಟರು. ಹೊರಗಿನ ತೇವ ತಡೆಯಲು ಬಡಗಿಗಳು ಮರಕ್ಕೆ ಹಚ್ಚುವ ಅರಗಿನ ಪಾಲಿಶನ್ನು ಏಳು ಕೋಟು ಕೊಟ್ಟೆವು. ಒಂದು ಗುರಾಣಿ ಸುಮಾರು ಒಂದೂವರೆ ಕಿಲೊ ಬಂತು. ಮೇ ತಿಂಗಳಲ್ಲಿ ಕುಸಿದಿದ್ದ ಹುಡುಗ ಮೊದಲ ಗುರಾಣಿ ಹಿಡಿದು ಮೈದಾನಕ್ಕೆ ಎರಡು ಸುತ್ತು ಓಡಿ ಬಂದ. ಅವನ ಅಮ್ಮ ನೋಡುತ್ತಾ ನಿಂತಿದ್ದರು.

ಕತ್ತಿ ಬೇಡ ಅಂತ ನಿರ್ಧರಿಸಿದ್ದು

ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಒಳ್ಳೆ ಅಲಗು ಆಗುತ್ತದೆ. ಇಲ್ಲಿನ ಆಚಾರ್ರು ದಿನಬಳಕೆಯ ಕತ್ತಿಗಳನ್ನು ಹಾಗೆಯೇ ಬಡಿಯುತ್ತಾರೆ. ಆದರೆ 1959ರ ಆಯುಧ ಕಾಯ್ದೆಯ ಅಡಿಯ 2016ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಹರಿತ ಅಲಗುಗಳು ಆಯುಧಗಳ ಪಟ್ಟಿಯಲ್ಲಿ ಬರುತ್ತವೆ. ಮನೆಗೆ, ಕೃಷಿಗೆ ಬಳಸುವ ಕತ್ತಿಗಳಿಗೆ ಅದರಲ್ಲಿ ವಿನಾಯಿತಿ ಇದೆ. ನಮ್ಮದು ಅಡಿಕೆ ತೋಟಕ್ಕೆ ಹೋಗುವ ಕತ್ತಿ ಅಲ್ಲ. ಮಕ್ಕಳ ಕೈಯಲ್ಲಿ, ಜನರ ನಡುವೆ, ಅಲಗು ಬೇಡವೇ ಬೇಡ ಅಂತ ಒಂದೇ ಸಭೆಯಲ್ಲಿ ತೀರ್ಮಾನ ಮಾಡಿದೆವು. ಸಾಗುವಾನಿ ತುಂಡುಗಳಲ್ಲಿ ಕೆತ್ತಿ, ತುದಿ ದುಂಡಗೆ ಮಾಡಿ, ಇದು ಮರ ಅಂತ ಬೋರ್ಡಿನಲ್ಲಿ ಬರೆದೆವು. ಲೋಹದ ಬಣ್ಣ ಹಚ್ಚಲಿಲ್ಲ.

ಆಕಾರಕ್ಕೆ ಮಾದರಿ ಹುಡುಕುವಾಗ ಒಬ್ಬ ಹುಡುಗ ದೈವದ ಕಡ್ಸಲೆಯ, ಅಂದರೆ ದೈವದ ಕತ್ತಿಯ, ಫೋಟೊ ತೆಗೆದುಕೊಂಡು ಬರುತ್ತೇನೆ ಅಂದ. ತುಳುನಾಡಿನಲ್ಲಿ ಹಳೆಯ ಕತ್ತಿಗಳು ನಿಜವಾಗಿ ಉಳಿದಿರುವುದು ದೈವಸ್ಥಾನದ ಭಂಡಾರದಲ್ಲೇ. ಅವನ ಅಜ್ಜಿಯೇ ತಡೆದರು. “ಅದು ನೋಡ್ಲಿಕ್ಕೆ ಇಟ್ಟದ್ದಲ್ಲ ಮಗಾ. ಅದರ ದಿನ ಅದು ಇಳೀತದೆ, ಆಗ ಕೈಮುಗಿ.” ನಾವು ಆ ಮಾತಿಗೆ ತಲೆಬಾಗಿದೆವು. ಅಳತೆಯ ಟೇಪು ಹಿಡಿದು ಹೋಗಬಾರದ ಜಾಗ ಅದು. ವೀರಗಲ್ಲಿನಲ್ಲಿ ಕಾಣುವ ನೇರ, ಗಿಡ್ಡ ಕತ್ತಿಯ ಆಕಾರವನ್ನೇ ತೆಗೆದುಕೊಂಡೆವು.

ಕೊಡೆ ಮತ್ತು ರಾಣಿ

ಕೊಡೆಗೆ ಬೇಕಾದದ್ದು ಶ್ರೀತಾಳೆಯ ಗರಿ. ಈ ಮರ ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು, ಕಾಯಿ ಮಾಗಿಸಿ ಸಾಯುತ್ತದೆ. ಈಗ ಅಪರೂಪ. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ತುಳುವರು ದಿನಾ ಬಳಸಿದ ವಸ್ತುಗಳನ್ನು ಕೂಡಿಟ್ಟ ಜಾಗ ಅದು. ಮಕ್ಕಳು ಅಲ್ಲಿ ಅರ್ಧ ದಿನ ಕಳೆದರು. ಒಂದು ವಸ್ತುವಿನ ಹಿಡಿ ಎಲ್ಲಿ ಸವೆದಿದೆ ಅಂತ ನೋಡಿದರೆ ಅದನ್ನು ಹೇಗೆ ಹಿಡಿಯುತ್ತಿದ್ದರು ಅಂತ ಗೊತ್ತಾಗುತ್ತದೆ. ಕವಚದ ವಿಡಿಯೊಗಳಲ್ಲಿ ಇಂಥದ್ದು ಕಲಿಯಲು ಸಿಗುವುದಿಲ್ಲ.

ಕೊಡೆ ಕಟ್ಟಿಕೊಟ್ಟದ್ದು ಕಾರ್ಕಳ ಕಡೆಯ ಒಬ್ಬ ಅಮ್ಮ. ಮಳೆಗಾಲದ ಗೊರಬು, ಅಂದರೆ ತಲೆ ಬೆನ್ನು ಮುಚ್ಚುವ ಎಲೆಯ ಹೊದಿಕೆ, ಹೆಣೆಯುತ್ತಿದ್ದವರು. ಅವರು ಮೊದಲು ಕೇಳಿದ್ದು, “ಮೆರವಣಿಗೆಗೆ ಹಿಡಿಯುವ ಕೊಡೆಯಾ, ಗದ್ದೆಗೆ ಹಿಡಿಯುವ ಕೊಡೆಯಾ? ಎರಡೂ ಬೇರೆ ಬೇರೆ ಅಲ್ವಾ.” ದೆಲ್ಲಾ ವಾಲೆ ‘ತೀರಾ ಸಾಮಾನ್ಯ’ ಅಂದದ್ದು ನೆನಪಾಯಿತು. ಗದ್ದೆಯದ್ದೇ ಕೊಡಿ ಅಂದೆವು. ರಾಣಿಗೆ ಅಂತ ಹೇಳಿದಾಗ ಅವರಿಗೆ ನಂಬಲಾಗಲಿಲ್ಲ. ಮಾವ ಕೂತು ಪೂರ್ತಿ ಕತೆ ಹೇಳಿದರು. ತೋಡು ತೋಡಿಸಲು ಹೋಗುತ್ತಿದ್ದಳು ಅಂದಾಗ ಆ ಅಮ್ಮ “ಹಾಗಾದರೆ ಸರಿ” ಅಂದು ಬಿದಿರಿನ ಕಡ್ಡಿ ಕೈಗೆ ತೆಗೆದುಕೊಂಡರು.

ರಾಣಿಯ ವೇಷದ ಬಗ್ಗೆ ನಾಲ್ಕು ಸಲ ಸಭೆ ಸೇರಿದೆವು. ಅಬ್ಬಕ್ಕ ಇಲ್ಲಿನ ಜನರ ಮನಸ್ಸಿನಲ್ಲಿ ಹೇಗಿದ್ದಾಳೆ ಅಂತ ಎಲ್ಲರಿಗೂ ಗೊತ್ತು. ಪೋರ್ಚುಗೀಸರಿಗೆ ತಲೆಬಾಗದ ವೀರರಾಣಿ. ಕತ್ತಿ ಹಿಡಿದ ಪ್ರತಿಮೆ ಉಳ್ಳಾಲದಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಯಕ್ಷಗಾನದ ರಾಣಿಗೆ ಕಿರೀಟ, ಆಭರಣ ಎಲ್ಲ ಇರುತ್ತದೆ. ಆ ವೇಷಕ್ಕೆ ಅದರದ್ದೇ ಭಾಷೆ ಇದೆ, ಬೆಳಗಿನವರೆಗೆ ಕೂತು ನೋಡುವವಳು ನಾನು. ಈಗ ನಾವು ಕಿರೀಟವಿಲ್ಲದ, ಬರಿಗಾಲಿನ, ದಪ್ಪ ಹತ್ತಿಬಟ್ಟೆಯ ರಾಣಿಯನ್ನು ನಿಲ್ಲಿಸಿದರೆ ಜನ ಅವಮಾನ ಅಂದುಕೊಂಡಾರೇ? ಎದೆ ಮುಚ್ಚದೆ ಇರುವುದು ಆಗಿನ ಕಾಲಕ್ಕೆ ಇಲ್ಲಿ ಸಹಜ. ಈಗ ಅದನ್ನು ಹಾಗೆಯೇ ತೋರಿಸಲು ಸಾಧ್ಯವಿಲ್ಲ, ತೋರಿಸುವುದೂ ಬೇಡ.

ದಾರಿ ತೋರಿಸಿದ್ದು ರಾಣಿಯಾಗಿ ನಿಲ್ಲಬೇಕಿದ್ದ ನಮ್ಮ ಶಾಲೆಯ ಕನ್ನಡ ಟೀಚರ್. ವಯಸ್ಸು ನಲವತ್ತರ ಆಸುಪಾಸು, ದೆಲ್ಲಾ ವಾಲೆ ಅಂದಾಜು ಮಾಡಿದ ವಯಸ್ಸೂ ಅಷ್ಟೇ. ಅವರು ಹೇಳಿದರು, “ತಲೆಬಟ್ಟೆಯ ತುದಿ ಎದೆಗೆ ಇಳಿದಿತ್ತು ಅಂತ ಅವನೇ ಬರೆದಿದ್ದಾನಲ್ಲ. ನಾನು ಅದನ್ನು ಉದ್ದ ಮಾಡಿ ಪೂರ್ತಿ ಸುತ್ತಿಕೊಳ್ತೇನೆ. ಅಷ್ಟು ಬದಲಾವಣೆ ಮಾಡಿದ್ದೇವೆ ಅಂತ ಬೋರ್ಡಿನಲ್ಲಿ ಬರೀರಿ. ಕಿರೀಟ ಮಾತ್ರ ಬೇಡ. ಕಿರೀಟ ಇಲ್ಲದೆಯೂ ಅವಳು ರಾಣಿ ಅಂತ ಜನರಿಗೆ ಕಾಣ್ಬೇಕು, ಅದು ನನ್ನ ಕೆಲಸ.” ಹಾಗೆಯೇ ಮಾಡಿದೆವು.

ಆ ಸಂಜೆ

ಪ್ರವೇಶದಲ್ಲೇ ಒಂದು ಮೇಜಿನ ಮೇಲೆ ಆ ಕಬ್ಬಿಣದ ಅಂಗಿ ಇಟ್ಟು, ‘ಇದು ಇಲ್ಲಿನದಲ್ಲ. ಎತ್ತಿ ನೋಡಿ’ ಅಂತ ಬರೆದಿದ್ದೆವು. ಪಕ್ಕದಲ್ಲಿ ಒಂದು ಗುರಾಣಿ. ಮೊದಲ ಅರ್ಧ ಗಂಟೆ ಜನ ಅಂಗಿಯ ಸುತ್ತಲೇ. ಎರಡೂ ಕೈಯಲ್ಲಿ ಎತ್ತಿ, ಉಸ್ಸಪ್ಪಾ ಅಂದು ಇಳಿಸಿ, ಆಮೇಲೆ ಗುರಾಣಿ ಎತ್ತುತ್ತಿದ್ದರು. ವಿವರಣೆಯೇ ಬೇಕಾಗಲಿಲ್ಲ. ಮೇ ತಿಂಗಳ ತಪ್ಪು ಹೀಗೆ ಉಪಯೋಗಕ್ಕೆ ಬಂತು.

ಬರಿಗಾಲು ನಾವು ಸರಿಯಾಗಿ ಯೋಚಿಸದ ವಿಷಯ. ಮೈದಾನದ ಜಲ್ಲಿ ಮಕ್ಕಳ ಕಾಲಿಗೆ ಚುಚ್ಚಿತು, ಇಬ್ಬರು ಕುಂಟಿದರು. ಒಬ್ಬ ಸೈನಿಕ ಕನ್ನಡಕ ತೆಗೆಯಲು ಮರೆತಿದ್ದ. ಗಡಿಗೆಯ ನೀರು, ತೆಂಗಿನ ಚಿಪ್ಪಿನ ಸೌಟು ಸರಿಯಾಗಿ ಕೂತವು, ಅವು ಎಲ್ಲರ ಮನೆಯಲ್ಲೂ ಇದ್ದವೇ.

ರಾಣಿ ಬಂದಾಗ ಮೊದಲು ಗುಜುಗುಜು. “ಇದು ಅಬ್ಬಕ್ಕನಾ?” ಅಂತ ಹಿಂದಿನಿಂದ ಒಬ್ಬರು ಕೇಳಿದ್ದು ನನಗೆ ಕೇಳಿಸಿತು. ಕನ್ನಡ ಟೀಚರ್ ನಡು ಮೈದಾನದಲ್ಲಿ ನಿಂತು, ಪರದೇಶದ ಪ್ರವಾಸಿಯಾಗಿದ್ದ ಮಾವನನ್ನು ನೋಡಿ, ಯಾವ ದೇಶ, ಯಾಕೆ ಬಂದೆ, ಈ ಕಾಡುಮೇಡಿನಲ್ಲಿ ನಿನಗೆ ಏನು ಸಿಕ್ಕಿತು ಅಂತ ತುಳುವಿನಲ್ಲಿ ಕೇಳಿದರು. ಧ್ವನಿ ಎತ್ತಲಿಲ್ಲ. ಮೈದಾನ ನಿಶ್ಶಬ್ದವಾಯಿತು.

ಮುಗಿದ ಮೇಲೆ ಒಬ್ಬ ಅಜ್ಜ ಕೊಡೆಯ ಹತ್ತಿರವೇ ನಿಂತಿದ್ದರು. ಅಂಚಿನ ಹೊಲಿಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅವರ ಅಪ್ಪ ಹಿಡಿಯುತ್ತಿದ್ದ ಕೊಡೆಯಲ್ಲಿ ಈ ಹೊಲಿಗೆ ಎರಡು ಸಾಲು ಇತ್ತಂತೆ, ನಮ್ಮದರಲ್ಲಿ ಒಂದೇ. ಗಾಳಿಗೆ ಗರಿ ಸೀಳುತ್ತದೆ ಅಂದರು. ಅವರು ಹೇಳಿದ ಹಾಗೆಯೇ ಫೆಬ್ರವರಿಯಲ್ಲಿ ಅಂಚು ಸೀಳಿತು. ಕಾರ್ಕಳದ ಅಮ್ಮನಿಗೆ ಹೇಳಿ ಕಳಿಸಿದ್ದೇವೆ, ಎರಡು ಸಾಲು ಹಾಕಿ ಹೊಸದು ಕಟ್ಟಿಕೊಡುತ್ತಾರೆ. ಗುರಾಣಿಗಳನ್ನು ಮಳೆಗಾಲಕ್ಕೆ ಮೊದಲು ಒಮ್ಮೆ ಅರಗು ಹಚ್ಚಿ, ಅಡುಗೆಮನೆಯ ಅಟ್ಟದಲ್ಲಿ, ಹೊಗೆ ತಾಗುವ ಜಾಗದಲ್ಲಿ ಇಡಿ ಅಂತ ಚೆಂಡೆಯ ಅಣ್ಣ ಹೇಳಿದ್ದಾರೆ. ಕಟ್ಟಿಗೆ ಒಲೆ ಇರುವ ಮನೆ ಹುಡುಕುತ್ತಿದ್ದೇವೆ.

ಈ ವರ್ಷ ದೃಶ್ಯ ಇನ್ನೂ ಸ್ವಲ್ಪ ಮುಂದೆ ಹೋಗಬೇಕು, ತೋಡಿನವರೆಗೆ. ರಾಣಿ ನೋಡಲು ಹೊರಟ ಆ ಕೆಲಸವನ್ನು ತೋರಿಸಬೇಕು. ಆಚಾರ್ರ ಹತ್ತಿರ ಆರು ಹಾರೆ ಬಡಿದುಕೊಡಿ ಅಂತ ಕೇಳಿದ್ದೇವೆ. ಅವರು ಕುಲುಮೆಯ ಬದಿಯಲ್ಲಿ ಕೂತು, ಮಣ್ಣು ಕೆಂಪಾ ಹೊಯಿಗೆಯಾ, ಅದು ಹೇಳದೆ ಬಾಯಿಯ ಅಗಲ ಹೇಗೆ ಇಡುವುದು ಅಂತ ಕೇಳಿದರು. ಮಾವ ಮತ್ತೆ ಆ ಜೆರಾಕ್ಸ್ ಕಟ್ಟು ಬಿಚ್ಚಿದ್ದಾರೆ.